ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕಟ್ಟಿದವರು ಆ ನೆಲಕ್ಕೆ ಮಟ್ಟಗೋಲು ಹಿಡಿದು ನೋಡಿದ್ದರೋ ಇಲ್ಲವೋ ಎಂಬ ಅನುಮಾನ ನನಗೆ ಬಂದದ್ದು ಆಲ್ಪ್ಸ್‌ನ ಒಂದು ಇಳಿಜಾರಿನಲ್ಲಿ.

ಕೆಲಸಕ್ಕೆಂದು ಮ್ಯೂನಿಕ್‌ಗೆ ಬಂದ ಎರಡನೇ ಚಳಿಗಾಲಕ್ಕೆ, ಮೂವತ್ನಾಲ್ಕರ ವಯಸ್ಸಿನಲ್ಲಿ, ಸ್ಕೀ ಕಲಿಯಲು ಹೊರಟವನು ನಾನು. ಮೂರನೇ ಚಳಿಗಾಲಕ್ಕೆ ಬಾಡಿಗೆ ಸಾಕೆನಿಸಿ ಸೆಕೆಂಡ್‌ಹ್ಯಾಂಡ್ ಜೋಡಿಯೊಂದನ್ನು ಕೊಂಡೆ. ಅಲ್ಲಿಂದ ಶುರುವಾಯಿತು ಗ್ರಹಚಾರ. ಎಡಕ್ಕೆ ತಿರುಗಲು ಹೋದರೆ ಬಲಗಾಲಿನ ಸ್ಕೀ ಹಳಿ ಹಿಡಿದ ರೈಲಿನಂತೆ ನೇರ ಹೋಗುತ್ತಿತ್ತು. ಎಡಗಾಲಿನದೋ, ಚಕ್ರ ಸಡಿಲವಾದ ಸೈಕಲ್ಲಿನಂತೆ ಅತ್ತಿತ್ತ ಓಲಾಡುತ್ತಿತ್ತು. ತರಬೇತುದಾರರು ಸೀಸನ್ ಪೂರ್ತಿ ಒಂದೇ ಮಾತು ಹೇಳಿದರು: ಭಾರ ಹಿಂದಿದೆ, ಮೊಣಕಾಲು ಮುಂದೆ ಬರಲಿ. ಜೊತೆಗೆ ಬರುತ್ತಿದ್ದ ಧಾರವಾಡದ ಗೆಳೆಯನದು ಇನ್ನೂ ನೇರ: “ಲೇ, ತೊಡ್ಯಾಗ ಕಸುವಿಲ್ಲ ನಿನಗ. ಸ್ಕೀ ಮ್ಯಾಲ ಯಾಕ ಹಾಕ್ತಿ?”

ಮಾರ್ಚ್ ತಿಂಗಳಲ್ಲಿ, ಬೇಸತ್ತು, ಟಿರೋಲ್‌ನ ಒಂದು ಕಣಿವೆಯ ತಳದಲ್ಲಿದ್ದ ಸರ್ವಿಸ್ ಅಂಗಡಿಗೆ ಜೋಡಿಯನ್ನು ಒಯ್ದೆ. ಅಂಗಡಿಯ ವೃದ್ಧ ಬಲಗಾಲಿನ ಸ್ಕೀಯನ್ನು ತಳ ಮೇಲಾಗಿ ವೈಸ್‌ಗೆ ಬಿಗಿದ. ಬೆರಳುದ್ದದ ಉಕ್ಕಿನ ಕೋಲೊಂದನ್ನು ಅಡ್ಡಕ್ಕೆ ನಿಲ್ಲಿಸಿ, ಆಚೆ ಬದಿಯಿಂದ ದೀಪ ಹಿಡಿದು, ನನ್ನನ್ನು ಬಗ್ಗಿ ನೋಡೆಂದ. ಕೋಲಿನ ಎರಡು ತುದಿ ಮಾತ್ರ ಉಕ್ಕಿನ ಅಂಚುಗಳ ಮೇಲೆ ಕೂತಿದ್ದವು. ನಡುವೆ ಬೆಳಕಿನ ಒಂದು ತೆಳು ಬಾಳೆನಾರು. ಎಡಗಾಲಿನ ಸ್ಕೀಯಲ್ಲಿ ಇದರ ತದ್ವಿರುದ್ಧ: ನಡುವೆ ಉಬ್ಬು, ಕೋಲು ಏತದಂತೆ ಆಡುತ್ತಿತ್ತು. “ನೀವು ಇದನ್ನು ಹಾಕಿಕೊಂಡು ತಿರುಗುತ್ತಿದ್ದಿರಾ?” ಎಂದು ಕೇಳಿದ. ಇಲ್ಲ, ಅದೇ ತೊಂದರೆ ಅಂದೆ.

ನೆಲ ನಿಜಕ್ಕೂ ಡೊಂಕಿತ್ತು. ಆಮೇಲಿನ ಐದಾರು ಚಳಿಗಾಲಗಳಲ್ಲಿ ಮನೆಯ ನೆಲಮಾಳಿಗೆಯಲ್ಲಿ ಅರ, ವ್ಯಾಕ್ಸು, ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಕೈ ಸುಟ್ಟುಕೊಂಡಿದ್ದೇನೆ, ಒಂದೆರಡು ಸ್ಕೀಗಳನ್ನು ಕೆಡಿಸಿಯೂ ಇದ್ದೇನೆ. ಮುಂದೆ ಬರುವ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ನನ್ನವೇ.

ಕಲ್ಪನೆ: “ಹೊಸ ಸ್ಕೀ ತಾನೆ, ಪ್ಯಾಕಿಂಗ್ ಬಿಚ್ಚಿ ಹಾಕಿಕೊಂಡರಾಯಿತು”

ಸ್ಕೀ ಎಂಬುದು ಪದರಪದರದ ವಸ್ತು. ನಡುವೆ ಮರದ ತಿರುಳು, ಅದರ ಮೇಲೆ ಕೆಳಗೆ ಫೈಬರ್‌ಗ್ಲಾಸ್, ಕೆಲವಕ್ಕೆ ಅಲ್ಯೂಮಿನಿಯಂ ಹಾಳೆ, ತಳಕ್ಕೆ ಪಾಲಿಎಥಿಲೀನ್ ಪ್ಲಾಸ್ಟಿಕ್, ತಳದ ಎರಡೂ ಬದಿಗೆ ಸುಮಾರು 2 ಮಿ.ಮೀ. ಅಗಲದ ಉಕ್ಕಿನ ಅಂಚು. ಇಷ್ಟನ್ನೂ ಅಂಟು ಹಾಕಿ, ಬಿಸಿ ಅಚ್ಚಿನಲ್ಲಿ ಒತ್ತಿ ಒಂದು ಮಾಡುತ್ತಾರೆ. ಬಿಸಿಗೆ ಹಿಗ್ಗುವುದರಲ್ಲಿ, ತಣಿದಾಗ ಕುಗ್ಗುವುದರಲ್ಲಿ ಉಕ್ಕಿನದೊಂದು ದಾರಿ, ಪ್ಲಾಸ್ಟಿಕ್ಕಿನದೊಂದು ದಾರಿ. ಕಾರ್ಖಾನೆ ಕೊನೆಯಲ್ಲಿ ತಳವನ್ನು ಕಲ್ಲಿನ ಯಂತ್ರಕ್ಕೆ ಕೊಟ್ಟು ಸಮ ಮಾಡುತ್ತದೆ ನಿಜ. ಆದರೂ ಗೋದಾಮು ದಾಟಿ ನಿಮ್ಮ ಕೈ ಸೇರುವ ಹೊತ್ತಿಗೆ ಆ ಸಮ ಹಾಗೇ ಉಳಿದಿರುತ್ತದೆ ಎಂಬ ಖಾತರಿಯಿಲ್ಲ. ಸೆಕೆಂಡ್‌ಹ್ಯಾಂಡ್ ಮತ್ತು ಬಾಡಿಗೆ ಸ್ಕೀಗಳ ಮಾತು ಕೇಳಲೇಬೇಡಿ.

ತಳ ತಗ್ಗಾಗಿ ಅಂಚು ಎತ್ತರವಿದ್ದರೆ ಸ್ಕೀ ಎರಡು ಹಳಿಗಳ ಮೇಲೆ ನಿಂತ ಹಾಗೆ. ನೇರ ಹೋಗುವಾಗ ಬಲು ಸಭ್ಯ, ಪಕ್ಕಕ್ಕೆ ಜಾರಿಸಲು ಹೋದರೆ ಜಗಳ. ತಿರುವು ಮುಗಿದರೂ ಅಂಚು ಹಿಮವನ್ನು ಬಿಡುವುದಿಲ್ಲ. ತಳ ಉಬ್ಬಿ ಅಂಚು ತಗ್ಗಿದ್ದರೆ ಸಪಾಟಾದ ಜಾಗದಲ್ಲಿ ಸ್ಕೀ ತೇಲಾಡುತ್ತದೆ; ಕಾಲು ವಾಲಿಸುತ್ತ ಹೋದರೂ ಏನೂ ಆಗುವುದಿಲ್ಲ, ಆಮೇಲೆ ಇದ್ದಕ್ಕಿದ್ದಂತೆ ಕಚ್ಚುತ್ತದೆ. ಎರಡನ್ನೂ ಕಲಿಯುವವರು ಓದಿಕೊಳ್ಳುವುದು ಒಂದೇ ರೀತಿ: ನನಗೆ ಬರುವುದಿಲ್ಲ.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ನೆಟ್ಟಗಿರುವ ಒಂದು ಉಕ್ಕಿನ ರೂಲರ್, ಆಚೆಗೊಂದು ಟಾರ್ಚ್. ಮುಂತುದಿಯಿಂದ ಹಿಂತುದಿಯವರೆಗೆ ಹತ್ತು ಕಡೆ ಇಟ್ಟು ನೋಡಿ. ತಳದ ನಟ್ಟನಡುವೆ ಕೂದಲೆಳೆಯಷ್ಟು ಬೆಳಕು ಕಂಡರೆ ಗಾಬರಿ ಬೇಡ. ಅಂಚಿನ ಪಕ್ಕದಲ್ಲೇ ತಳ ತಗ್ಗಿದ್ದರೆ ಮಾತ್ರ ಅಂಗಡಿಯ ಕಲ್ಲಿಗೆ ಕೊಡಲೇಬೇಕು.

ಕಲ್ಪನೆ: “ಟ್ಯೂನಿಂಗ್ ಎಲ್ಲ ರೇಸಿನವರಿಗೆ, ನಮಗೇಕೆ?”

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ತಲೆಕೆಳಗಾದ ನಂಬಿಕೆ. ಪಳಗಿದವರು ತಿರುವಿನಲ್ಲಿ ಸ್ಕೀಯನ್ನು ನಲವತ್ತು, ಐವತ್ತು ಡಿಗ್ರಿ ವಾಲಿಸುತ್ತಾರೆ. ಅಷ್ಟು ವಾಲಿದ ಮೇಲೆ ತಳದ ಡೊಂಕು ಹಿಮಕ್ಕೆ ತಾಗುವುದೇ ಇಲ್ಲ. ಕಲಿಯುವವರು ದಿನವಿಡೀ ಇರುವುದು ಸೊನ್ನೆಯಿಂದ ನಾಲ್ಕೈದು ಡಿಗ್ರಿಯ ನಡುವೆ, ಸ್ಕೀಯನ್ನು ಹೆಚ್ಚುಕಡಿಮೆ ಸಪಾಟಾಗಿ ಇಟ್ಟು ಪಕ್ಕಕ್ಕೆ ಜಾರಿಸುತ್ತ. ತಳದ ಸಮ, ಅಂಚಿನ ಕೋನ ಎರಡೂ ಜೋರು ಮಾಡುವುದು ಇದೇ ವ್ಯಾಪ್ತಿಯಲ್ಲಿ. ಕೆಟ್ಟ ಸ್ಕೀಯನ್ನು ಸಂಭಾಳಿಸಬಲ್ಲವರಿಗೆ ಒಳ್ಳೆಯ ಸ್ಕೀ ಸಿಗುತ್ತದೆ, ಆಗದವರಿಗೆ ಬಾಡಿಗೆಯ ರಾಶಿಯಿಂದ ಎತ್ತಿಕೊಟ್ಟದ್ದು. ಕರ್ನಾಟಕದಿಂದ ಗುಲ್ಮಾರ್ಗ್‌ಗೋ ಔಲಿಗೋ ಮೊದಲ ಸಲ ಹೋಗುವವರು ಸ್ಕೀ ಕೈಗೆ ಬಂದ ಕೂಡಲೇ ತಿರುಗಿಸಿ ತಳ ನೋಡಲಿ ಎನ್ನುವುದು ಇದಕ್ಕೇ. ಬಿಳಿಚಿಕೊಂಡ ತಳ, ತುಕ್ಕು ಹಿಡಿದ ಅಂಚು ಕಂಡರೆ ಬೇರೆ ಜೊತೆ ಕೇಳುವುದರಲ್ಲಿ ಸಂಕೋಚವೇನಿದೆ?

ಕಲ್ಪನೆ: “ಅಂಚು ಹರಿತವಾದಷ್ಟೂ ಹಿಡಿತ”

ಅರ್ಧ ನಿಜ, ಅದಕ್ಕೇ ಹೆಚ್ಚು ದಾರಿ ತಪ್ಪಿಸುತ್ತದೆ.

ಸ್ಕೀ ಅಂಚಿಗೆ ಎರಡು ಮುಖ. ಒಂದು ಹಿಮದ ಕಡೆ ನೋಡುವ ತಳದ ಮುಖ, ಇನ್ನೊಂದು ಹೊರಗೆ ನೋಡುವ ಪಕ್ಕದ ಮುಖ. ತಳದ ಮುಖವನ್ನು ತಳದ ಮಟ್ಟಕ್ಕಿಂತ ಅರ್ಧದಿಂದ 1 ಡಿಗ್ರಿಯಷ್ಟು ಒರೆಯಾಗಿ ಉಜ್ಜುತ್ತಾರೆ. ಪಕ್ಕದ ಮುಖವನ್ನು ಲಂಬಕ್ಕಿಂತ 1ರಿಂದ 3 ಡಿಗ್ರಿ ಒಳಮುಖವಾಗಿಸುತ್ತಾರೆ. ತಳ 1, ಪಕ್ಕ 3 ಎಂದು ಮಾಡಿಸಿದರೆ ಅಂಚಿನ ಮೂಲೆ 88 ಡಿಗ್ರಿ. ತಳ ಅರ್ಧ, ಪಕ್ಕ ಎರಡೂವರೆ ಮಾಡಿಸಿದರೂ ಅದೇ 88. ಮೂಲೆ ಒಂದೇ, ಕಾಲಿಗೆ ಸಿಗುವ ಅನುಭವ ಬೇರೆಬೇರೆ. ಯಾಕೆಂದರೆ ಸ್ಕೀ ಯಾವಾಗ ಕಚ್ಚಬೇಕು ಎಂಬುದನ್ನು ಹೇಳುವುದು ತಳದ ಕೋನ, ಎಷ್ಟು ಗಟ್ಟಿಯಾಗಿ ಕಚ್ಚಬೇಕು ಎಂಬುದನ್ನು ಪಕ್ಕದ ಕೋನ. ತಳದ್ದು ಅರ್ಧ ಡಿಗ್ರಿ ಇದ್ದರೆ ಕಾಲು ಅಲುಗಿದ ಕೂಡಲೇ ಸ್ಕೀ ಉತ್ತರ ಕೊಡುತ್ತದೆ. ಚುರುಕಿನವರಿಗೆ ಹಿತ, ಹೊಸಬರಿಗೆ ರಗಳೆ. 2 ಡಿಗ್ರಿಗೆ ಹೋದರೆ ಅಂಚನ್ನು ಎಷ್ಟೇ ಮಸೆದಿರಲಿ, ನೀವು ಕರೆದು ಸ್ವಲ್ಪ ಹೊತ್ತಾದ ಮೇಲೆ ಓಗೊಡುತ್ತದೆ. ವಿಶ್ವಕಪ್ ಓಟದ ಹಾದಿಗಳಿಗೆ ನೀರು ಹಾಯಿಸಿ ಮಂಜುಗಡ್ಡೆಯಂತೆ ಗಟ್ಟಿ ಮಾಡಿರುತ್ತಾರೆ. ಅಲ್ಲಿ ಪಕ್ಕಕ್ಕೆ 3 ಡಿಗ್ರಿ, ಅದಕ್ಕಿಂತಲೂ ಹೆಚ್ಚು ಬೇಕು. ಭಾನುವಾರದ ಮೆತ್ತನೆ ಹಿಮದಲ್ಲಿ ಅಷ್ಟು ಚೂಪು ಮೂಲೆ ಬೇಗ ಮೊಂಡಾಗುವುದಷ್ಟೇ ಲಾಭ.

ಈ ಅಳತೆಗಳು ಎಷ್ಟು ಸೂಕ್ಷ್ಮ ಎಂದು ಒಮ್ಮೆ ಲೆಕ್ಕ ಹಾಕಿ ನಾನೇ ಸುಮ್ಮನಾದೆ. 2 ಮಿ.ಮೀ. ಅಗಲದ ಅಂಚನ್ನು 1 ಡಿಗ್ರಿ ಒರೆ ಮಾಡಿದರೆ ಹೊರತುದಿಯಲ್ಲಿ ಸವೆಯುವ ಉಕ್ಕು 0.035 ಮಿ.ಮೀ., ಹೆಚ್ಚುಕಡಿಮೆ ಅರ್ಧ ತಲೆಗೂದಲು. ಇಷ್ಟಕ್ಕೆ ಸ್ಕೀಯ ಸ್ವಭಾವ ಬದಲಾಗುತ್ತದೆ. ತಂಬೂರಿಯ ಜೀವಾಳದ ನೂಲನ್ನು ಉಗುರಿನಿಂದ ಒಂಚೂರು ಸರಿಸಿದಾಗ ಸತ್ತಂತಿದ್ದ ತಂತಿ ಝೇಂಕರಿಸುವುದನ್ನು ಕೇಳಿದವರಿಗೆ ಇದು ವಿಚಿತ್ರವೆನಿಸದು. ಸ್ಕೀ ಅಂಗಡಿಯವರು ಈ ಕೆಲಸಕ್ಕೆ ಟ್ಯೂನಿಂಗ್ ಎಂದೇ ಹೆಸರಿಟ್ಟಿದ್ದಾರೆ.

ನಾನು ಕೆಡಿಸಿದ ಮೊದಲ ಜೋಡಿ ಹೀಗೆ ಹೋಯಿತು. ಕೋನದ ಗೈಡ್ ಇಲ್ಲದೆ, ಬರಿಗೈಯಲ್ಲಿ ಅರ ಹಿಡಿದು, ಹುಮ್ಮಸ್ಸಿನಿಂದ ತಳದ ಮುಖವನ್ನು ಉಜ್ಜಿದೆ. ಉಗುರಿಗೆ ತಾಗಿಸಿದರೆ ಬಿಳಿ ಪುಡಿ ಉದುರುವಷ್ಟು ಹರಿತ. ಹಿಮದ ಮೇಲೆ ಮಾತ್ರ ಸೋಪಿನ ಮೇಲೆ ನಿಂತ ಹಾಗೆ. ಮತ್ತೆ ಮಸೆದೆ, ಮತ್ತಷ್ಟು ಜಾರಿತು. ಪ್ರತಿ ಸಲವೂ ತಳದ ಕೋನವನ್ನು ಹೆಚ್ಚಿಸುತ್ತಿದ್ದೇನೆ ಎಂಬುದು ತಲೆಗೆ ಹೊಳೆಯಲಿಲ್ಲ. ಅರ ಉಕ್ಕನ್ನು ತೆಗೆಯಬಲ್ಲದೇ ಹೊರತು ಮರಳಿ ಅಂಟಿಸಲಾರದು. ಹೆಚ್ಚಾದ ತಳದ ಕೋನವನ್ನು ಇಳಿಸಲು ಇರುವ ದಾರಿ ಒಂದೇ: ಇಡೀ ತಳವನ್ನು ಕಲ್ಲಿಗೆ ಕೊಟ್ಟು ತೇಯಿಸುವುದು. ತಳ ಇರುವುದೇ ಮಿಲಿಮೀಟರ್ ಚಿಲ್ಲರೆ ದಪ್ಪ. ಆದ್ದರಿಂದ ಮನೆಯಲ್ಲಿ ಮಸೆಯುವವರು ಪಕ್ಕದ ಮುಖವನ್ನು ಮಾತ್ರ ಗೈಡ್ ಇಟ್ಟು ಮಸೆಯಲಿ. ಅಂಚಿಗೆ ಮೊದಲು ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದುಕೊಂಡರೆ, ಎರಡು ಎಳೆತಕ್ಕೆ ಬಣ್ಣ ಎಲ್ಲಿ ಹೋಯಿತು, ಎಲ್ಲಿ ಉಳಿಯಿತು ಎಂದು ನೋಡಿ ಕೋನ ಸರಿಯಿದೆಯೇ ತಿಳಿಯಬಹುದು.

ಇನ್ನೊಂದು: ಪಕ್ಕದಿಂದ ಮಸೆದಾಗ ಉಕ್ಕಿನ ಕೂದಲಿನಂಥ ಸಿಬಿರು ತಳದ ಕಡೆಗೆ ಮಗುಚಿಕೊಂಡು ನಿಲ್ಲುತ್ತದೆ. ಕಣ್ಣಿಗೆ ಕಾಣದು; ಒಂದು ಹತ್ತಿ ಉಂಡೆಯನ್ನು ತಳದಿಂದ ಹೊರಕ್ಕೆ ಎಳೆದರೆ ಎಳೆಗಳು ಸಿಕ್ಕಿಹಾಕಿಕೊಳ್ಳುತ್ತವೆ. “ತುಂಬಾ ಹರಿತವಾಗಿಬಿಟ್ಟಿದೆ, ಸ್ಕೀ ಎಲ್ಲೆಲ್ಲೋ ಎಳೆಯುತ್ತಿದೆ” ಎಂದು ದೂರುವವರ ಸ್ಕೀಯಲ್ಲಿ ಬಹಳ ಸಲ ಇರುವುದು ಈ ಸಿಬಿರು. ವಜ್ರದ ಪುಡಿಯ ಕಲ್ಲನ್ನು ಹಗುರವಾಗಿ ಆಡಿಸಿದರೆ ಹೋಗುತ್ತದೆ.

ಕಲ್ಪನೆ: “ಮುಂತುದಿ, ಹಿಂತುದಿಯ ಅಂಚನ್ನು ಮೊಂಡು ಮಾಡಿಸಲೇಬೇಕು”

ಹಳೆಯ ಅಂಗಡಿಗಳು ಈಗಲೂ ಕೊಡುವ ಸಲಹೆ. ಎರಡು ಮೀಟರು ಉದ್ದದ, ಹೆಚ್ಚುಕಡಿಮೆ ನೇರ ಬದಿಯ ಸ್ಕೀಗಳ ಕಾಲದಲ್ಲಿ ಇದಕ್ಕೆ ಅರ್ಥವಿತ್ತು. 1993ರ ಸುಮಾರಿಗೆ ಸ್ಲೊವೇನಿಯಾದ ಎಲಾನ್ ಕಂಪನಿಯ ಎಸ್‌ಸಿಎಕ್ಸ್ ಬಂದು, ತುದಿಗಳು ಅಗಲ, ಸೊಂಟ ಸಣ್ಣ ಎಂಬ ಆಕಾರ ಊರ್ಜಿತವಾದ ಮೇಲೆ ಲೆಕ್ಕ ಬದಲಾಯಿತು. ಈಗ ತಿರುವಿಗೆ ಎಳೆದುಕೊಳ್ಳುವುದೇ ಆ ಅಗಲವಾದ ಮುಂಭಾಗ. ಅದನ್ನು ಹತ್ತಿಪ್ಪತ್ತು ಸೆಂಟಿಮೀಟರ್ ಮೊಂಡು ಮಾಡಿಸಿದರೆ ಅಷ್ಟು ಸ್ಕೀಗೆ ಕೊಟ್ಟ ದುಡ್ಡು ದಂಡ. ಹಿಮಕ್ಕೆ ತಾಗದ, ಮೇಲಕ್ಕೆ ಬಾಗಿದ ಭಾಗವನ್ನು ರಬ್ಬರ್ ಕಲ್ಲಿನಿಂದ ಒರೆಸಿಕೊಳ್ಳಿ, ಯಾರ ತಕರಾರೂ ಇಲ್ಲ. ಸ್ಕೀ ಎಳೆಯುತ್ತಿದೆ ಎಂದು ಮೊಂಡು ಮಾಡಿಸುವ ಮುನ್ನ ತಳ ಸಮವಿದೆಯೇ, ಸಿಬಿರು ಉಳಿದಿದೆಯೇ ನೋಡುವುದು ಮೇಲು.

ಕಲ್ಪನೆ: “ನಮ್ಮ ಭಾರಕ್ಕೆ ಹಿಮ ಕರಗಿ ಸ್ಕೀ ಜಾರುತ್ತದೆ”

ಶಾಲೆಯಲ್ಲಿ ನಮಗೂ ಹೇಳಿಕೊಟ್ಟದ್ದೇ. ಒತ್ತಡ ಬಿದ್ದರೆ ಮಂಜಿನ ಕರಗುವ ಬಿಂದು ಇಳಿಯುವುದು ಸತ್ಯ. ಆದರೆ 1 ಡಿಗ್ರಿ ಇಳಿಯಲು ಸುಮಾರು 135 ವಾಯುಭಾರದ ಒತ್ತಡ ಬೇಕು. 75 ಕಿಲೋ ಮನುಷ್ಯ ಎರಡು ಸ್ಕೀ ಮೇಲೆ ನಿಂತಾಗ ಸರಾಸರಿ ಬೀಳುವುದು ಒಂದು ವಾಯುಭಾರದ ನೂರರಲ್ಲಿ ಮೂರು ಪಾಲು. ಸ್ಕೀ ನಿಜವಾಗಿ ತಾಗುವುದು ಕೆಲವೇ ಹಿಮಕಣಗಳ ತುದಿಗೆ ಎಂದು ರಿಯಾಯಿತಿ ಕೊಟ್ಟರೂ ಮೈನಸ್ 10ರ ಚಳಿಗೆ ಈ ಲೆಕ್ಕ ಹೊಂದುವುದಿಲ್ಲ. ಸ್ವಿಟ್ಜರ್‌ಲೆಂಡಿನ ಯುಂಗ್‌ಫ್ರೌಯೋಕ್‌ನಲ್ಲಿ ಪ್ರಯೋಗ ನಡೆಸಿ 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ಇಬ್ಬರು ವಿಜ್ಞಾನಿಗಳು ತೋರಿಸಿದ್ದು ಬೇರೆ: ಉಜ್ಜಾಟದ ಬಿಸಿಗೆ ಕಣಗಳ ತುದಿ ಕರಗಿ, ನೀರಿನ ತೀರಾ ತೆಳುವಾದ ಪೊರೆಯೊಂದು ಆಗುತ್ತದೆ, ಸ್ಕೀ ಜಾರುವುದು ಅದರ ಮೇಲೆ.

ಇದು ತಿಳಿದರೆ ತಳದಲ್ಲಿ ಕಾಣುವ ಸಣ್ಣ ಗೀರುಗಳ ಗುಟ್ಟೂ ತಿಳಿಯುತ್ತದೆ. ನಯವಾದಷ್ಟೂ ಜಾರುತ್ತದೆ ಎಂದುಕೊಂಡು ಒಬ್ಬ ಪುಣ್ಯಾತ್ಮ ತಳವನ್ನು ಗಾಜಿನಂತೆ ಪಾಲಿಶ್ ಮಾಡಿಸಿಕೊಂಡಿದ್ದ. ಏಪ್ರಿಲ್‌ನ ಒದ್ದೆ ಹಿಮದಲ್ಲಿ ಅವನ ಸ್ಕೀ ನೀರಿಗೆ ಅಂಟಿಕೊಂಡು ನಿಂತಿತು. ಒದ್ದೆ ಗಾಜಿನ ಮೇಲೆ ಇನ್ನೊಂದು ಗಾಜಿಟ್ಟರೆ ಆಗುವುದೇ ಇದು. ಗೀರುಗಳು ಹೆಚ್ಚಾದ ನೀರನ್ನು ಹರಿದುಹೋಗಲು ಬಿಡುತ್ತವೆ. ಒದ್ದೆ ಹಿಮಕ್ಕೆ ದಪ್ಪ ಗೀರು, ಒಣ ಚಳಿಯ ಹಿಮಕ್ಕೆ ಸೂಕ್ಷ್ಮ ಗೀರು.

ವ್ಯಾಕ್ಸ್ ಬಗ್ಗೆ ಎರಡೇ ಮಾತು. ಒಂದು, ಅದು ತಳದ ಮೇಲೆ ಕೂರುವ ಬಣ್ಣವಲ್ಲ. ಬಿಸಿಗೆ ಪ್ಲಾಸ್ಟಿಕ್ಕಿನೊಳಕ್ಕೆ ಒಂದಿಷ್ಟು ಇಳಿಯುತ್ತದೆ, ಎಣ್ಣೆ ಉಂಡ ದೋಸೆ ಹಂಚಿನ ಹಾಗೆ. ಮೇಲೆ ಉಳಿದದ್ದನ್ನು ಕೆರೆದು ತೆಗೆಯಬೇಕು. ದಪ್ಪಗೆ ಬಿಟ್ಟರೆ ಆ ಗೀರುಗಳೇ ಮುಚ್ಚಿಹೋಗುತ್ತವೆ. ಇಸ್ತ್ರಿಪೆಟ್ಟಿಗೆಯಿಂದ ಹೊಗೆ ಎದ್ದರೆ ಬಿಸಿ ಹೆಚ್ಚಾಯಿತು ಎಂದೇ ಅರ್ಥ. ಎರಡು, ವ್ಯಾಕ್ಸ್ ಹಾಕಿದರೆ ವೇಗ ಹೆಚ್ಚಿ ಅಪಾಯ ಎಂದು ಹೊಸಬರು ಹೆದರುವುದು. ಒಣಗಿದ ತಳ ಒಂದು ಕಡೆ ಜಾರಿ ಇನ್ನೊಂದು ಕಡೆ ತಡೆದು, ಮುಗ್ಗರಿಸುವಂತೆ ಮಾಡುತ್ತದೆ. ಪಕ್ಕಕ್ಕೆ ಜಾರಿಸಿ ವೇಗ ಇಳಿಸಲೂ ಜಾರುವ ತಳವೇ ಬೇಕು.

ದುಬಾರಿ ಫ್ಲೋರಿನ್ ವ್ಯಾಕ್ಸಿನ ಮೋಹವಿದ್ದವರಿಗೆ ಒಂದು ಸುದ್ದಿ: ಮಣ್ಣು ನೀರಿನಲ್ಲಿ ಕೊಳೆಯದೆ ಉಳಿಯುವ ಆ ರಾಸಾಯನಿಕಗಳನ್ನು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023–24ರ ಸೀಸನ್‌ನಿಂದ ಪೂರ್ತಿ ನಿಷೇಧಿಸಿದೆ. ಆ ಅಕ್ಟೋಬರ್‌ನಲ್ಲೇ ಆಸ್ಟ್ರಿಯಾದ ಸೋಲ್ಡನ್‌ನಲ್ಲಿ ನಾರ್ವೆಯ ರಾಗ್ನ್‌ಹಿಲ್ಡ್ ಮೊವಿಂಕೆಲ್ ಸ್ಕೀ ಪರೀಕ್ಷೆಯಲ್ಲಿ ಸಿಕ್ಕಿ ಅನರ್ಹರಾದರು.

ಕಲ್ಪನೆ: “ಬೈಂಡಿಂಗ್ ಎಲ್ಲಿ ಕೂರಬೇಕೆಂದು ಸ್ಕೀ ಮೇಲೇ ಗೆರೆ ಇದೆಯಲ್ಲ”

ಗೆರೆ ಇದೆ. ಬೂಟಿನ ಬದಿಯಲ್ಲೂ ಒಂದು ಗೆರೆ ಇದೆ. ಎರಡನ್ನೂ ಕೂಡಿಸಿ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಕೂರಿಸುತ್ತಾರೆ. ತಪ್ಪು ಹುಟ್ಟುವುದು ಬೂಟಿನ ಗೆರೆಯಲ್ಲಿ: ಅದು ಬೂಟಿನ ಅಟ್ಟೆಯ ಮಧ್ಯ, ನಿಮ್ಮ ಪಾದದ ಮಧ್ಯವಲ್ಲ. ಒಂದೇ ಅಳತೆಯ ಪಾದಕ್ಕೆ ಒಂದು ಕಂಪನಿಯ ಬೂಟಿನ ಅಟ್ಟೆ 305 ಮಿ.ಮೀ. ಇದ್ದರೆ ಇನ್ನೊಂದರದು 315 ಇರಬಹುದು. 26 ಮತ್ತು 26.5 ಎಂದು ಬರೆದ ಬೂಟುಗಳ ಹೊರಚಿಪ್ಪು ಸಾಮಾನ್ಯವಾಗಿ ಒಂದೇ, ವ್ಯತ್ಯಾಸವೆಲ್ಲ ಒಳಗಿನ ಮೆತ್ತೆಯಲ್ಲಿ. ಹೀಗಾಗಿ ಒಂದೇ ಗೆರೆಯ ಮೇಲೆ ನಿಂತ ಇಬ್ಬರ ಹೆಬ್ಬೆರಳ ಬುಡ ಸ್ಕೀಯ ಒಂದೇ ಜಾಗದ ಮೇಲೆ ಇರುವುದಿಲ್ಲ. ಸ್ಕೀಯನ್ನು ಒತ್ತುವುದು ಬಹುಮಟ್ಟಿಗೆ ಆ ಹೆಬ್ಬೆರಳ ಬುಡದಿಂದ.

ಗೆರೆಯೂ ಎಲ್ಲ ಸ್ಕೀಗೆ ಒಂದೇ ಕಡೆ ಇರುವುದಿಲ್ಲ. ಇಳಿಜಾರಿನ ಸಾಮಾನ್ಯ ಸ್ಕೀಗಳಲ್ಲಿ ಅದು ನಡುಮಧ್ಯಕ್ಕಿಂತ ಎಂಟರಿಂದ ಹನ್ನೆರಡು ಸೆಂಟಿಮೀಟರ್ ಹಿಂದೆ. ಜಿಗಿದು, ಗಿರಕಿ ಹೊಡೆದು, ಹಿಂದುಮುಂದಾಗಿ ಇಳಿಯುವವರ ಪಾರ್ಕ್ ಸ್ಕೀಗಳಲ್ಲಿ ಹೆಚ್ಚುಕಡಿಮೆ ನಡುವೆಯೇ. ಕ್ರಾಸ್‌ಕಂಟ್ರಿಯವರ ಲೆಕ್ಕ ಇನ್ನೂ ಸರಳ: ಕ್ಲಾಸಿಕ್ ಸ್ಕೀಯನ್ನು ಬೆರಳ ಮೇಲೆ ತೂಗಿ ನಿಲ್ಲಿಸಿ, ಅದು ಸಮತೂಕಕ್ಕೆ ಬಂದ ಜಾಗದಲ್ಲೇ ಬೂಟಿನ ಮುಂತುದಿಯ ಕಡ್ಡಿ ಬರುವಂತೆ ಕೂರಿಸುತ್ತಾರೆ. ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರ ಆಟ ಆ ಬಗೆಯದು. ಅಲ್ಲಿ ಹಿಮ್ಮಡಿ ಬಿಡುಗಡೆಯಾಗಿರುತ್ತದೆ, ಬೈಂಡಿಂಗಿನ ತತ್ವವೇ ಬೇರೆ.

ಕಲ್ಪನೆ: “ಮುಂದೆ ಸರಿಸಿದರೆ ತಿರುವು ಸಲೀಸು, ಅಷ್ಟೇ”

ಎತ್ತಿನ ಗಾಡಿಗೆ ಹೊರೆ ಹೇರಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮುಂಭಾರವಾದರೆ ನೊಗ ಎತ್ತಿನ ಹೆಗಲು ಒತ್ತುತ್ತದೆ, ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಸ್ಕೀಯಲ್ಲೂ ಮುಂದಕ್ಕೆ ಸರಿದಷ್ಟು ಹಿಂದೆ ಉದ್ದವಾಗುತ್ತದೆ, ಅದನ್ನು ಮರೆಯುವುದೇ ತಪ್ಪು.

ಒಮ್ಮೆ ಅಂಗಡಿಯ ಟೆಸ್ಟ್ ಸ್ಕೀಯೊಂದನ್ನು ದಿನದ ಬಾಡಿಗೆಗೆ ತೆಗೆದುಕೊಂಡೆ. ಅದರ ಬೈಂಡಿಂಗ್ ಹಳಿಯ ಮೇಲೆ ಹಿಂದೆ ಮುಂದೆ ಜಾರುವಂಥದ್ದು. ಊಟದ ಹೊತ್ತಿಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಂಗಡಿಗೆ ಬಂದು ಜಾಗ ಬದಲಿಸಿಕೊಳ್ಳುತ್ತೇನೆ ಎಂದಾಗ ಅಲ್ಲಿಯ ಹುಡುಗ ನಕ್ಕು ಒಪ್ಪಿದ. ಬೆಳಿಗ್ಗೆ ಗೆರೆಯ ಮೇಲೆ. ಊಟದವರೆಗೆ ವಿಶೇಷವೇನಿಲ್ಲ, ಚೆನ್ನಾಗಿತ್ತು. ಆಮೇಲೆ ಒಂದೂವರೆ ಸೆಂಟಿಮೀಟರ್ ಮುಂದೆ. ಮೊದಲ ತಿರುವಿಗೇ ಗೊತ್ತಾಯಿತು: ನೆನೆದ ಕೂಡಲೇ ಮೂತಿ ತಿರುಗುತ್ತಿತ್ತು. ಖುಷಿಯಾಗಿ ವೇಗ ಹೆಚ್ಚಿಸಿದೆ. ನಾಲ್ಕನೇ ತಿರುವಿನ ಕೊನೆಯಲ್ಲಿ ಹಿಂಭಾಗ ಬಿಡಲೇ ಇಲ್ಲ. ತಿರುವು ಮುಗಿಸಿ ಮುಂದಿನದಕ್ಕೆ ಹೊರಳಬೇಕಾದಾಗ ಉದ್ದವಾದ ಬಾಲ ಹಿಮ ಕಚ್ಚಿಕೊಂಡು ನನ್ನನ್ನು ಗುಡ್ಡದ ಅಡ್ಡಕ್ಕೆ ಒಯ್ದಿತು. ಹಾದಿಯ ಅಂಚಿನ ಮೆದು ಹಿಮಕ್ಕೆ ಇಳಿದಾಗ ಮೂತಿ ಮುಳುಗಿ, ಒಂದು ಸಲ ತಲೆಕೆಳಗು. ಮಧ್ಯಾಹ್ನ ಗೆರೆಗಿಂತ ಒಂದೂವರೆ ಹಿಂದೆ. ಮೆದು ಹಿಮದಲ್ಲಿ ದೋಣಿಯಂತೆ ತೇಲಿತು, ನೇರ ವೇಗದಲ್ಲಿ ಅಲುಗಲಿಲ್ಲ. ತಿರುವಿಗೆ ಮಾತ್ರ ಅರ್ಜಿ ಹಾಕಿ ಕಾಯಬೇಕು. ಮೊಣಕಾಲನ್ನು ಬೂಟಿನ ನಾಲಿಗೆಗೆ ಗಟ್ಟಿಯಾಗಿ ಒತ್ತದೆ ಹೋದರೆ ಮೂತಿ ಕೇಳುತ್ತಿರಲಿಲ್ಲ, ಕೊನೆಯಲ್ಲಿ ಗಿಡ್ಡ ಬಾಲ ಜಾರಿಹೋಗುತ್ತಿತ್ತು. ಸಂಜೆ ಗೆರೆಗಿಂತ ಅರ್ಧ ಸೆಂಟಿಮೀಟರ್ ಮುಂದೆ ಮಾಡಿಸಿ ಮನೆಗೆ ಬಂದೆ. ಅದು ನನ್ನ ಬೂಟಿಗೆ, ಆ ಸ್ಕೀಗೆ, ಆ ದಿನದ ಹಿಮಕ್ಕೆ ಸರಿಹೋದ ಅಳತೆ. ನಿಮಗೆ ಬೇರೆಯೇ ಇರಬಹುದು.

ಹೆಂಗಸರ ಸ್ಕೀಗೆ ಬೈಂಡಿಂಗ್ ಮುಂದಿರಬೇಕು ಎಂಬುದೂ ಈ ಜಾತಿಯದೇ. ಅಮೆರಿಕದ ಜೀನಿ ಥೋರೆನ್ ದಶಕಗಳ ಹಿಂದೆ ಇದನ್ನು ಪ್ರತಿಪಾದಿಸಿದಾಗ ಗಂಡಸರ ಅಳತೆಗೆ ಮಾಡಿದ ಸ್ಕೀಯನ್ನೇ ಹೆಂಗಸರಿಗೂ ಕೊಡುತ್ತಿದ್ದರು, ಬೂಟು ಚಿಕ್ಕದಾದ್ದರಿಂದ ಪಾದದ ಒತ್ತಡ ಬೇಕಾದಲ್ಲಿ ಬೀಳುತ್ತಿರಲಿಲ್ಲ. ಅವರ ವಾದಕ್ಕೆ ಆಗ ಬೆಲೆ ಬಂತು. ಈಗ ಹೆಂಗಸರದೆಂದು ಮಾರುವ ಅನೇಕ ಸ್ಕೀಗಳ ಗೆರೆಯನ್ನೇ ಕಂಪನಿ ಮುಂದಿಟ್ಟಿರುತ್ತದೆ. ಅದರ ಮೇಲೆ ಇನ್ನೂ ಮುಂದಕ್ಕೆ ಸರಿಸಿದರೆ ಒಂದೇ ಔಷಧಿಯನ್ನು ಎರಡು ಸಲ ಕುಡಿದ ಹಾಗೆ.

ಹಳಿಯಿಲ್ಲದ ಬೈಂಡಿಂಗಾದರೆ ಸರಿಸುವುದೆಂದರೆ ಹೊಸ ತೂತು ಕೊರೆಯುವುದು. ಹಳೆಯ ತೂತಿಗೆ ತೀರಾ ಹತ್ತಿರ ಕೊರೆದರೆ ಸ್ಕ್ರೂ ಕಿತ್ತು ಬರುತ್ತದೆ. ಮೊದಲು ಟೆಸ್ಟ್ ಸ್ಕೀ, ಆಮೇಲೆ ಡ್ರಿಲ್.

ಕಲ್ಪನೆ: “ಮುಂದಕ್ಕೆ ತಳ್ಳಿದಂತಾಗುತ್ತಿದೆ, ಬೈಂಡಿಂಗ್ ಹಿಂದೆ ಹಾಕಿಸಬೇಕು”

ಅನೇಕ ಸಲ ಕಳ್ಳ ಬೇರೆಯೇ. ಬೈಂಡಿಂಗಿನಲ್ಲಿ ಹಿಮ್ಮಡಿ ಕೂರುವ ಜಾಗ ಮುಂಗಾಲು ಕೂರುವ ಜಾಗಕ್ಕಿಂತ ಕೆಲವು ಮಿಲಿಮೀಟರ್ ಎತ್ತರ ಇರುತ್ತದೆ. ಅಟ್ಟೆಯ ಉದ್ದಕ್ಕೆ 5 ಮಿ.ಮೀ. ಏರಿದರೆ ಸುಮಾರು 1 ಡಿಗ್ರಿ. ಆಸ್ಟ್ರಿಯಾದ ಫ್ರಿಟ್ಸ್ ಬಾರ್ಥೆಲ್ 1980ರ ದಶಕದಲ್ಲಿ ರೂಪಿಸಿದ, ಗುಡ್ಡ ಹತ್ತುವವರು ಬಳಸುವ ಪಿನ್ ಬೈಂಡಿಂಗುಗಳ ವಂಶದಲ್ಲಿ 10 ಮಿ.ಮೀ.ಗಿಂತ ಹೆಚ್ಚಿನ ಏರು ಇರುವಂಥವೂ ಉಂಟು. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಇಳಿಜಾರಿನಲ್ಲಿ ನಡೆದ ಹಾಗೆ. ದೇಹ ಬೀಳದಿರಲೆಂದು ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತೀರಿ. ನೋಡಿದವರು ಭಾರ ಹಿಂದಿದೆ ಅನ್ನುತ್ತಾರೆ. ನೀವು ಇನ್ನಷ್ಟು ಮುಂದೆ ಬಾಗುತ್ತೀರಿ. ಸಂಜೆಗೆ ತೊಡೆ ಉರಿಯುತ್ತದೆ. ಬೈಂಡಿಂಗನ್ನು ಹಿಂದೆ ಸರಿಸಿದರೆ ಕೋನ ಹಾಗೇ ಉಳಿಯುತ್ತದೆ, ತಿರುವು ಮಾತ್ರ ಜಡವಾಗುತ್ತದೆ. ಇದಕ್ಕೆ ಮದ್ದು ಮುಂಗಾಲಿನ ತುಂಡಿನ ಕೆಳಗೆ ಅದಕ್ಕೆಂದೇ ಮಾಡಿದ ತೆಳು ಹಲಗೆ, ಅದಕ್ಕೆ ತಕ್ಕ ಉದ್ದ ಸ್ಕ್ರೂ. ಇದನ್ನು ಅಂಗಡಿಯವರೇ ಮಾಡಲಿ. ಸ್ಕೀ ತಳದಿಂದ ಬೂಟಿನ ಅಟ್ಟೆಯವರೆಗಿನ ಒಟ್ಟು ಎತ್ತರಕ್ಕೂ ಸ್ವಭಾವ ಬದಲಿಸುವ ಶಕ್ತಿಯಿದೆ. ರೇಸುಗಳಲ್ಲಿ ಅದಕ್ಕೆ 50 ಮಿ.ಮೀ. ಮಿತಿ ಹಾಕಿರುವುದು ಸುಮ್ಮನೆ ಅಲ್ಲ.

ಕಲ್ಪನೆ: “ಡಿನ್ ಸಂಖ್ಯೆ ಹೆಚ್ಚಿಸಿದರೆ ಸ್ಕೀ ಗಟ್ಟಿಯಾಗಿ ಕೂರುತ್ತದೆ”

ಇಲ್ಲಿ ತಮಾಷೆ ಬೇಡ. ಬೈಂಡಿಂಗ್ ಮೇಲಿನ ಕಿಂಡಿಯಲ್ಲಿ ಕಾಣುವ ಆ ಸಂಖ್ಯೆ ಬಿದ್ದಾಗ ಬೂಟು ಯಾವ ಬಲಕ್ಕೆ ಬಿಡುಗಡೆಯಾಗಬೇಕು ಎಂಬುದರದ್ದು. ಜಾಣ್ಮೆಯ ಅಂಕಪಟ್ಟಿ ಅಲ್ಲ. ತೂಕ, ಎತ್ತರ, ವಯಸ್ಸು, ಅಟ್ಟೆಯ ಉದ್ದ, ನೀವು ಇಳಿಯುವ ರೀತಿ ಇವುಗಳಿಂದ ಪಟ್ಟಿ ನೋಡಿ ತೆಗೆಯುತ್ತಾರೆ. ಐವತ್ತು ತುಂಬಿದವರಿಗೂ ಒಂಬತ್ತರೊಳಗಿನ ಮಕ್ಕಳಿಗೂ ಒಂದು ಮೆಟ್ಟಿಲು ಇಳಿಸುತ್ತಾರೆ. ವಯಸ್ಸು ಕಡಿಮೆ ಹೇಳಿ ಪಟ್ಟಿಗೆ ಮೋಸ ಮಾಡಿದರೆ ತೆರಬೇಕಾದದ್ದು ನಿಮ್ಮ ಮೂಳೆ. ಬೂಟು ಬದಲಿಸಿದರೆ ಅಟ್ಟೆ ಬದಲಾಗುತ್ತದೆ, ಮತ್ತೆ ಪರೀಕ್ಷಿಸಬೇಕು. ಬೂಟು ಒಳಗೆ ಅಲುಗಾಡುತ್ತಿದ್ದರೆ ಹಿಮ್ಮಡಿ ತುಂಡಿನ ಮುಂದೊತ್ತು ಸರಿಯಿಲ್ಲದಿರಬಹುದು, ಅಟ್ಟೆ ಸವೆದಿರಬಹುದು, ಕೆಳಗೆ ಹಿಮ ಮೆತ್ತಿರಬಹುದು. ಸಂಖ್ಯೆ ಏರಿಸುವುದು ಯಾವುದಕ್ಕೂ ಉತ್ತರವಲ್ಲ. ಬಿದ್ದಾಗ ಬಿಚ್ಚಿಕೊಳ್ಳುವ ಬೈಂಡಿಂಗಿನ ಯೋಚನೆ ನಾರ್ವೆ ಮೂಲದ ಯಾಲ್ಮಾರ್ ಹ್ವಾಮ್‌ಗೆ ಹೊಳೆದದ್ದು 1937ರಲ್ಲಿ, ಅಮೆರಿಕದ ಆಸ್ಪತ್ರೆಯೊಂದರಲ್ಲಿ ಮುರಿದ ಕಾಲಿನೊಂದಿಗೆ ಮಲಗಿದ್ದಾಗ.

ಕಳೆದ ಡಿಸೆಂಬರ್‌ನಲ್ಲಿ ಧಾರವಾಡದ ಗೆಳೆಯ ಹೊಸ ಜೋಡಿ ಕೊಂಡ. ಎರಡು ವಾರಾಂತ್ಯ ಕಳೆದ ಮೇಲೆ ಒಂದು ರಾತ್ರಿ ಅದನ್ನು ಹೊತ್ತುಕೊಂಡು ನಮ್ಮ ನೆಲಮಾಳಿಗೆಗೆ ಬಂದ. ಎಡಕ್ಕೆ ತಿರುಗುವುದಿಲ್ಲವಂತೆ. ವೈಸ್‌ಗೆ ಬಿಗಿದು, ಕೋಲಿಟ್ಟು, ಟಾರ್ಚ್ ಹಿಡಿದು ಮೂತಿಯಿಂದ ಬಾಲದವರೆಗೆ ನೋಡಿದೆ. ಸಮ. ಹತ್ತಿ ಎಳೆದೆ, ಸಿಬಿರಿಲ್ಲ. ಅಂಚಿಗೆ ಬಣ್ಣ ಬಳಿದು ಗೈಡ್ ಆಡಿಸಿದೆ, ಕೋನ ಸರಿ. ಬೂಟಿನ ಗೆರೆ ಸ್ಕೀ ಗೆರೆಯ ಮೇಲೆ ಕೂತಿತ್ತು, ಹಿಮ್ಮಡಿಯ ಏರು ಎರಡೇ ಮಿಲಿಮೀಟರ್.

“ಅಂದ್ರ?” ಅಂದ.

“ಅಂದ್ರೆ ನೆಲ ನೆಟ್ಟಗಿದೆ ಕಣೋ.”

ಸ್ವಲ್ಪ ಹೊತ್ತು ಸ್ಕೀಯನ್ನೇ ನೋಡುತ್ತ ನಿಂತ. ಆಮೇಲೆ ಟಾರ್ಚನ್ನು ನನ್ನ ಕೈಗೇ ವಾಪಸ್ ಕೊಟ್ಟ. “ಇನ್ನೊಂದ್ ಸಲ ನೋಡಲೇ.”